ಒಬ್ಬರೇ ಕುದುರೆ ಮೇಲೆ ಹೋಗುವವರು ಬಿದ್ದರೆ ಗುರುತು ಹಿಡಿಯೋದು ಹೇಗೆ?

ತೋಪಿನ_ದಾರಿ

ದೊಡ್ಡಬಳ್ಳಾಪುರದ ಕಡೆ ಒಂದು ಲಾಯದಲ್ಲಿ ನನ್ನ ಕುದುರೆ ಇದೆ. ರೇಸಿನಿಂದ ಹೊರಗೆ ಬಂದ ಥರೋಬ್ರೆಡ್ ತಳಿಯವನು. ಸ್ವಭಾವ ಒಳ್ಳೆಯದು, ಆದರೆ ತೋಟದ ಮಲ್ಚಿಂಗ್ ಶೀಟು ಗಾಳಿಗೆ ಪಟಪಟ ಅಂದಾಗ ಮಾತ್ರ ಅವನಿಗೆ ನಾನು ಮೇಲೆ ಕೂತಿರೋದೇ ಮರೆತುಹೋಗುತ್ತದೆ. ವಾರದ ದಿನ ಜೊತೆಗೆ ಬರುವವರು ಯಾರೂ ಇಲ್ಲ. ಹಾಗಾಗಿ ಬೆಳಿಗ್ಗೆ ಒಬ್ಬಳೇ ನೀಲಗಿರಿ ತೋಪು, ಕೆರೆ ಏರಿ, ಗಾಡಿದಾರಿ ಹಿಡಿದು ಹೋಗಿ ಬರುತ್ತೇನೆ.

"ಒಬ್ಬಳೇ ಹೋಗಬೇಡ" ಅನ್ನೋ ಉತ್ತರ ಬೇಡ. ಅದು ಮನೆಯಲ್ಲೇ ಧಾರಾಳವಾಗಿ ಸಿಗುತ್ತದೆ. ನನಗೆ ಬೇಕಾಗಿರೋದು ಇಷ್ಟೇ. ಬಿದ್ದು ಪ್ರಜ್ಞೆ ತಪ್ಪಿದರೆ ನಾನು ಯಾರು ಅಂತ ಸಿಕ್ಕವರಿಗೆ ಹೇಗೆ ತಿಳಿಯಬೇಕು? ಕುದುರೆ ಇನ್ನೊಂದು ದಿಕ್ಕಿಗೆ ಓಡಿಹೋಗಿದ್ದರೆ ಅದು ಯಾರದ್ದು ಅಂತ ಹೇಗೆ ತಿಳಿಯಬೇಕು? ಹೆಲ್ಮೆಟ್ ಮೇಲೆ ಹೆಸರು, ವಿಳಾಸ, ನನ್ನ ಮೊಬೈಲ್ ನಂಬರ್ ಬರೆದು ಅಂಟಿಸೋಣ ಅಂತಿದ್ದೇನೆ. ಅಷ್ಟು ಸಾಕಾ, ಇನ್ನೇನಾದ್ರೂ ಬೇಕಾ?

ಲಾಯದ_ಹುಡುಗ

ಅಕ್ಕ, ಮೊದಲು ಆ ನಂಬರ್ ವಿಷಯ ನೋಡಿ. ನಿಮ್ಮ ಮೊಬೈಲ್ ನಿಮ್ಮ ಹತ್ತಿರಾನೇ ಇರುತ್ತದೆ. ನೀವು ಬಿದ್ದಿದ್ದೀರಿ. ಸಿಕ್ಕವರು ಆ ನಂಬರಿಗೆ ಫೋನ್ ಮಾಡಿದರೆ ನಿಮ್ಮ ಜೇಬಲ್ಲೇ ರಿಂಗ್ ಆಗುತ್ತದೆ. ಏನು ಪ್ರಯೋಜನ?

ನಾನು ಸೈಸ್, ಅಂದರೆ ಲಾಯದಲ್ಲಿ ಕುದುರೆ ನೋಡಿಕೊಳ್ಳುವವನು. ಹಿಂದೆ ಕೆಲಸ ಮಾಡುತ್ತಿದ್ದ ಜಾಗದಲ್ಲಿ ಒಂದು ಕುದುರೆ ಸವಾರರಿಲ್ಲದೆ ಗೇಟಿಗೆ ಬಂದು ನಿಂತಿತ್ತು. ಜೀನು ಹೊಟ್ಟೆ ಕೆಳಗೆ ತಿರುಗಿತ್ತು, ಲಗಾಮಿನ ಒಂದು ಪಟ್ಟಿ ತುಂಡಾಗಿತ್ತು, ಜೀನಿಗೆ ಕಟ್ಟಿದ್ದ ಚೀಲದಲ್ಲಿ ಫೋನ್ ಒಂದೇ ಸಮ ಹೊಡೆದುಕೊಳ್ಳುತ್ತಿತ್ತು. ತೆಗೆದು ನೋಡಿದರೆ ಅವರ ಮನೆಯವರ ಕರೆ, "ಇನ್ನೂ ಯಾಕೆ ಬಂದಿಲ್ಲ" ಅಂತ ಕೇಳೋಕೆ. ಅಂದರೆ ಮನೆಯವರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ, ಬಿದ್ದವರ ಕೈಯಲ್ಲಿ ಫೋನಿಲ್ಲ. ಯಾವ ದಾರಿ ಅಂತಲೂ ಹೇಳಿ ಹೋಗಿರಲಿಲ್ಲ. ಮಣ್ಣಲ್ಲಿ ಲಾಳದ ಗುರುತು ನೋಡಿಕೊಂಡು ಬೈಕಲ್ಲಿ ಹೊರಟೆವು. ಅಷ್ಟರಲ್ಲಿ ದಾಳಿಂಬೆ ತೋಟಕ್ಕೆ ನೀರು ಬಿಡೋಕೆ ಬಂದವರು ಕಂಡು, ಎತ್ತಿ ಕೂರಿಸಿ, ನೀರು ಕುಡಿಸಿದ್ದರು. ಕಾಲರ್ ಬೋನ್ ಮುರಿದಿತ್ತು.

ಬಿದ್ದ ಮೇಲೆ ನೀವೊಂದು ಕಡೆ, ಕುದುರೆಯೊಂದು ಕಡೆ. ಅದನ್ನು ತಲೇಲಿ ಇಟ್ಟುಕೊಂಡು ಯೋಚನೆ ಮಾಡಿ. ನಿಮ್ಮ ಮೈಮೇಲೆ ಒಂದು ಗುರುತು, ಕುದುರೆ ಮೇಲೆ ಇನ್ನೊಂದು. ಎರಡರಲ್ಲೂ ಫೋನ್ ಎತ್ತುವವರ ನಂಬರು. ಲಾಯದ್ದೊಂದು, ಮನೆಯದ್ದೊಂದು. ಫೋನ್ ಮಾತ್ರ ಜೀನಿನ ಚೀಲದಲ್ಲಿ ಇಡಲೇಬೇಡಿ.

ಡಾಕ್ಟರಮ್ಮ

"ಎತ್ತಿ ಕೂರಿಸಿ ನೀರು ಕುಡಿಸಿದ್ದರು" ಅಂತ ಓದಿ ಎದೆ ಧಸಕ್ ಅಂತು. ಆ ಜನರನ್ನು ಬೈಯುತ್ತಿಲ್ಲ, ನಮ್ಮ ಕಡೆ ಯಾರು ಬಿದ್ದರೂ ಮೊದಲು ಮಾಡೋದೇ ಅದು, ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಕುದುರೆಯಿಂದ ಬಿದ್ದವರ ಕುತ್ತಿಗೆಗೆ ಪೆಟ್ಟಾಗಿರಬಹುದು. ಎತ್ತಿದರೆ ಆ ಪೆಟ್ಟು ಇನ್ನೂ ಕೆಡಬಹುದು. ಅರೆಪ್ರಜ್ಞೆಯಲ್ಲಿ ಇರುವವರಿಗೆ ನೀರು ಕುಡಿಸಿದರೆ ಶ್ವಾಸಕೋಶಕ್ಕೆ ಹೋಗಬಹುದು. ಉಸಿರಾಟಕ್ಕೆ ತೊಂದರೆ ಇಲ್ಲದಿದ್ದರೆ ಹೆಲ್ಮೆಟ್ ತೆಗೆಯೋದೂ ಬೇಡ, ಅದನ್ನು ಆಂಬ್ಯುಲೆನ್ಸಿನವರು ನೋಡಿಕೊಳ್ಳುತ್ತಾರೆ.

ಹಾಗಾಗಿ ನಿಮ್ಮ ಚೀಟಿಯಲ್ಲಿ ನೀವು ಯಾರು ಅನ್ನೋದಕ್ಕಿಂತ ಮೊದಲು ಸಿಕ್ಕವರು ಏನು ಮಾಡಬೇಕು ಅನ್ನೋದಿರಲಿ. ಅದೂ ಕನ್ನಡದಲ್ಲಿ. ಇಂಗ್ಲಿಷಲ್ಲಿ ಚಂದ ಪ್ರಿಂಟ್ ಮಾಡಿಸಿದ ಮೆಡಿಕಲ್ ಬ್ಯಾಂಡ್ ಕಟ್ಟಿಕೊಂಡು ಬರುವವರನ್ನು ನೋಡಿದ್ದೇನೆ. ಗಾಡಿದಾರಿಯಲ್ಲಿ ನಿಮ್ಮನ್ನು ಮೊದಲು ನೋಡೋದು ಹಾಲು ಹಾಕೋಕೆ ಹೊರಟವರು, ಕುರಿ ಹೊಡೆದುಕೊಂಡು ಬಂದವರು. ಅವರು ಓದುವ ಭಾಷೆಯಲ್ಲಿ ಬರೆಯಿರಿ. ಈಗ ತೋಟ, ಪಾಲಿಹೌಸ್‌ಗಳಲ್ಲಿ ಉತ್ತರದ ಕಡೆಯ ಕೆಲಸಗಾರರು ಜಾಸ್ತಿ ಇದ್ದಾರೆ, ಹಿಂದೆ ಒಂದೆರಡು ಸಾಲು ಹಿಂದಿ ಇದ್ದರೆ ಒಳ್ಳೆಯದು.

ರಕ್ತದ ಗುಂಪು ಬರೆಯೋದು ನಿಮ್ಮಿಷ್ಟ. ಆಸ್ಪತ್ರೆಯಲ್ಲಿ ಹೇಗೂ ಪರೀಕ್ಷೆ ಮಾಡದೆ ರಕ್ತ ಕೊಡಲ್ಲ. ನಮಗೆ ನಿಜಕ್ಕೂ ಬೇಕಾಗೋದು ಬೇರೆ. ಯಾವ ಔಷಧಿ ಅಲರ್ಜಿ, ರಕ್ತ ತೆಳುವಾಗಿಸುವ ಮಾತ್ರೆ ತಗೋತಿದ್ದೀರಾ, ಸಕ್ಕರೆ ಕಾಯಿಲೆ, ಫಿಟ್ಸ್, ಗರ್ಭ, ಇಂಥವು. ತಲೆಗೆ ಪೆಟ್ಟು ಬಿದ್ದವರು ರಕ್ತ ತೆಳುವಾಗಿಸುವ ಮಾತ್ರೆ ತಿನ್ನುತ್ತಿದ್ದಾರೆ ಅಂತ ಗೊತ್ತಾದರೆ ನಾವು ಓಡುವ ವೇಗವೇ ಬೇರೆ. ಇನ್ನೊಂದು, ಟೆಟನಸ್ ಇಂಜೆಕ್ಷನ್ ಬಾಕಿ ಇಟ್ಟುಕೊಳ್ಳಬೇಡಿ. ಕುದುರೆ ಲದ್ದಿ ಬಿದ್ದ ಮಣ್ಣಲ್ಲಿ ಅದರ ರೋಗಾಣು ಇರುತ್ತದೆ.

ಬರೀ_ಓದುಗ

ಕ್ಷಮಿಸಿ, ಇದೆಲ್ಲ ಸ್ವಲ್ಪ ಅತಿ ಆಯ್ತು ಅನ್ನಿಸುತ್ತದೆ. ಹಳ್ಳಿ ಕಡೆ ಕುದುರೆ ಇಟ್ಟವರು ಎಷ್ಟು ಜನ ಇರುತ್ತಾರೆ? ಖಾಲಿ ಕುದುರೆ ಕಂಡರೆ "ಅದು ಆ ಫಾರ್ಮಿನವರದ್ದು" ಅಂತ ಚಿಕ್ಕ ಮಕ್ಕಳೂ ಹೇಳುತ್ತಾರೆ. ಬಿಲ್ಲೆ, ಪಟ್ಟಿ, ಚೀಟಿ ಎಲ್ಲ ಸುಮ್ನೆ ಖರ್ಚು.

ಲಾಯದ_ಹುಡುಗ

ಊರೊಳಗೆ ಇದ್ದರೆ ನೀವು ಹೇಳೋದು ಸರಿ ಸರ್. ಆದರೆ ಬೆದರಿದ ಕುದುರೆ ಊರಿನ ಗಡಿ ನೋಡಿಕೊಂಡು ನಿಲ್ಲೋದಿಲ್ಲ. ಹೈವೇ ದಾಟಿದರೆ ಆಚೆ ಊರಿನವರಿಗೆ ಅದು ಯಾವುದೋ ಕುದುರೆ. ಮದುವೆ ಮೆರವಣಿಗೆಯದ್ದು ತಪ್ಪಿಸಿಕೊಂಡಿದೆ ಅಂದುಕೊಂಡು ಮರಕ್ಕೆ ಕಟ್ಟಿಹಾಕಿ ಸುಮ್ಮನಿರುತ್ತಾರೆ. ಮೇಲೆ ಒಬ್ಬರು ಇದ್ದರು, ಅವರೆಲ್ಲೋ ಬಿದ್ದಿದ್ದಾರೆ ಅಂತ ಅವರಿಗೆ ಹೊಳೆಯಬೇಕಲ್ಲ? ಬಿಲ್ಲೆ ಮೇಲೆ "ಒಂಟಿ ಕುದುರೆ ಕಂಡರೆ ಸವಾರರು ಬಿದ್ದಿರುತ್ತಾರೆ, ಫೋನ್ ಮಾಡಿ" ಅಂತ ಒಂದು ಸಾಲು ಇದ್ದರೆ ಅಲ್ಲಿಗೇ ಹುಡುಕಾಟ ಶುರುವಾಗುತ್ತದೆ.

ಯಾರ್ಕ್‌ಷೈರ್_ಮಲೆನಾಡು

ತೀರ್ಥಹಳ್ಳಿ ಕಡೆಯವಳು, ಈಗ ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ ಇದ್ದೇನೆ. ಇಲ್ಲಿ ಒಬ್ಬರೇ ಸವಾರಿ ಹೋಗೋದು ಮಾಮೂಲು, ಹೀಗೆ ಹೊರಗೆ ಸವಾರಿ ಹೋಗೋದಕ್ಕೆ ಹ್ಯಾಕಿಂಗ್ ಅಂತಾರೆ. ದಾರಿಗಳೋ, ಎರಡೂ ಕಡೆ ಆಳೆತ್ತರದ ಬೇಲಿ, ತಿರುವು ದಾಟುವವರೆಗೆ ಎದುರಿನ ಕಾರು ಕಾಣಲ್ಲ. ಅದಕ್ಕೇ ಇಲ್ಲಿಯವರು ಹೊಳೆಯುವ ಬಣ್ಣದ ಜಾಕೆಟ್ ಇಲ್ಲದೆ ಲಾಯ ಬಿಡಲ್ಲ. ಬಿಸಿಲಿದ್ದರೂ ಹಾಕುತ್ತಾರೆ.

ಒಂದು ವಿಷಯ ತುಂಬಾ ಜನ ಕಲಸಿಬಿಡುತ್ತಾರೆ. ಆ ಜಾಕೆಟ್‌ನಲ್ಲಿ ಎರಡು ಬೇರೆ ಬೇರೆ ಸಾಮಾನು ಇರುತ್ತವೆ. ಕಣ್ಣು ಕುಕ್ಕುವ ಹಳದಿ, ಗುಲಾಬಿ, ಕಿತ್ತಳೆ ಬಟ್ಟೆ ಹಗಲಲ್ಲಿ ಮಾತ್ರ ಕೆಲಸ ಮಾಡೋದು, ಬಿಸಿಲಿನ ಅತಿನೇರಳೆ ಕಿರಣದಿಂದ ಅದಕ್ಕೆ ಆ ಹೊಳಪು. ಬೂದು ಬಣ್ಣದ ಪಟ್ಟಿ ಹಗಲಲ್ಲಿ ಏನೂ ಅಲ್ಲ, ಕತ್ತಲಲ್ಲಿ ಹೆಡ್‌ಲೈಟ್ ಬಿದ್ದಾಗ ವಾಪಸ್ ಹೊಳೆಯುತ್ತದೆ. ಬೆಳಗಿನ ಜಾವದಲ್ಲಿ ಎರಡೂ ಬೇಕು. ಬಣ್ಣ ಆರಿಸುವಾಗ ಸುತ್ತಲಿನ ಹೊಲ ನೋಡಿ. ಇಲ್ಲಿ ಸಾಸಿವೆ ಜಾತಿಯ ಬೆಳೆ ಹೂ ಬಿಟ್ಟಾಗ ಇಡೀ ಗುಡ್ಡ ಹಳದಿ, ಅದರ ಮುಂದೆ ಹಳದಿ ಜಾಕೆಟ್ ಮಾಯ. ನಿಮ್ಮ ಕಡೆ ಸೂರ್ಯಕಾಂತಿ, ಚೆಂಡುಹೂವು ಬೆಳೆಯುವ ಕಾಲದಲ್ಲಿ ಅದೇ ಕಥೆ. ಗುಲಾಬಿ ಬಣ್ಣದ ಬೆಳೆ ಯಾವುದೂ ಇಲ್ಲ ಅಲ್ವಾ, ನಾನು ಅದನ್ನೇ ಹಾಕೋದು.

ಕುದುರೆಗೂ ಹಾಕಿ. ಕಾಲಿಗೆ ಸುತ್ತುವ ಹೊಳೆಯುವ ಪಟ್ಟಿ ತುಂಬಾ ಒಳ್ಳೆಯದು, ಯಾಕಂದ್ರೆ ಡಿಮ್ ಮಾಡಿದ ಹೆಡ್‌ಲೈಟ್ ಮೊದಲು ಬೀಳೋದೇ ಕೆಳಗೆ. ಕಾಲು ಆಡುತ್ತಿರುವುದರಿಂದ ಅದೊಂದು ಜೀವ ಅಂತ ಚಾಲಕರಿಗೆ ತಕ್ಷಣ ಗೊತ್ತಾಗುತ್ತದೆ. ಇದರಿಂದ ಇನ್ನೊಂದು ಲಾಭ ಇದೆ. ನೀವು ಕಂದು ಬಟ್ಟೆಯಲ್ಲಿ ಪೊದೆ ಪಕ್ಕ ಬಿದ್ದಿದ್ದರೆ ಹತ್ತು ಹೆಜ್ಜೆ ದೂರದಿಂದ ಕಾಣಲ್ಲ. ಗುಲಾಬಿ ಜಾಕೆಟ್ ಡ್ರೋನಿಗೂ ಕಾಣುತ್ತದೆ.

ನಿವೃತ್ತ_ಸವಾರ

ಫೌಜಿನಲ್ಲಿ ಕುದುರೆಗಳ ಜೊತೆ ಬಹಳ ಕಾಲ ಕಳೆದವನು ನಾನು. ಗುರುತಿನ ಬಿಲ್ಲೆ ಬಗ್ಗೆ ಇಷ್ಟೊಂದು ಮಾತಾಡುತ್ತಿದ್ದೀರಿ, ಸಂತೋಷ. ಆದರೆ ಬಿದ್ದವರನ್ನು ಕುದುರೆ ಎಳೆದುಕೊಂಡು ಹೋದರೆ ಬಿಲ್ಲೆ ಏನು ಮಾಡುತ್ತದೆ? ನಾನು ಹೊಸಬರಿಗೆ ಮೊದಲು ನೋಡೋದು ಕಾಲು. ಸ್ಪೋರ್ಟ್ಸ್ ಶೂ ಹಾಕಿಕೊಂಡು ಬರುತ್ತಾರೆ. ಹಿಮ್ಮಡಿ ಇಲ್ಲದ ಶೂ ರಿಕಾಪಿನೊಳಗೆ, ಅಂದರೆ ಜೀನಿನಿಂದ ಇಳಿಬಿಟ್ಟ ಕಾಲಿಡುವ ಬಳೆಯೊಳಗೆ, ಪೂರಾ ಜಾರಿ ಸಿಕ್ಕಿಕೊಳ್ಳುತ್ತದೆ. ಅಂಥವರನ್ನು ನಾನು ಹತ್ತಿಸೋದೇ ಇಲ್ಲ.

ಒಬ್ಬರೇ ಹೋಗುವವರು ಬಿಚ್ಚಿಕೊಳ್ಳುವ ಸೇಫ್ಟಿ ರಿಕಾಪು ಹಾಕಿಸಿಕೊಳ್ಳಿ. ಹಳೆಯ ನಮೂನೆಯದ್ದಕ್ಕೆ ಒಂದು ಪಕ್ಕ ಕಬ್ಬಿಣದ ಬದಲು ದಪ್ಪ ರಬ್ಬರ್ ಬಳೆ ಇರುತ್ತದೆ, ಕಾಲು ಎಳೆದರೆ ಅದು ಕಿತ್ತುಕೊಂಡು ಪಾದ ಹೊರಗೆ ಬರುತ್ತದೆ. ರಬ್ಬರ್ ಇರುವ ಪಕ್ಕ ಹೊರಗಡೆಗೆ ಇರಬೇಕು. ಒಳಗಡೆ, ಅಂದರೆ ಕುದುರೆ ಹೊಟ್ಟೆ ಕಡೆ ತಿರುಗಿಸಿ ಹಾಕಿದರೆ ಇದ್ದೂ ಇಲ್ಲದಂತೆ. ಹತ್ತುವ ಮುಂಚೆ ಆ ರಬ್ಬರನ್ನು ಬೆರಳಿಂದ ಎಳೆದು ನೋಡಿ. ನಮ್ಮ ಬಿಸಿಲಿಗೆ ಒಣಗಿ ಬಿರುಕು ಬಿಟ್ಟಿರುತ್ತದೆ. ಜೀನಿನಲ್ಲಿ ರಿಕಾಪಿನ ಪಟ್ಟಿ ಸಿಕ್ಕಿಸುವ ಕೊಂಡಿ ಇದೆಯಲ್ಲ, ಅದರ ತುದಿಯ ಮಡಚುವ ನಾಲಿಗೆ ಮೇಲಕ್ಕೆ ಎತ್ತಿದ್ದರೆ ಪಟ್ಟಿ ಕಳಚಿಕೊಳ್ಳಲ್ಲ. ಅದು ಕೆಳಗೆ, ತೆರೆದೇ ಇರಲಿ.

ಹೆಲ್ಮೆಟ್ ಬಗ್ಗೆಯೂ ಹೇಳಿಬಿಡುತ್ತೇನೆ. ಬೈಕಿನ ಹೆಲ್ಮೆಟ್ ಬೇಡ, ಭಾರ, ಅಕ್ಕಪಕ್ಕ ಕಾಣಲ್ಲ. ಕ್ರಿಕೆಟ್ಟಿನದ್ದು ಬೇಡವೇ ಬೇಡ. ಸವಾರಿಗೇ ಮಾಡಿದ್ದು ತಗೊಳ್ಳಿ, ಒಳಗೆ ಪಿಎಎಸ್ 015, ವಿಜಿ1, ಎಎಸ್‌ಟಿಎಂ ಎಫ್1163 ಈ ಸುರಕ್ಷತಾ ಮಾನದಂಡಗಳಲ್ಲಿ ಒಂದಾದರೂ ಬರೆದಿರುತ್ತದೆ. ಒಂದು ಸಲ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಒಳಗಿನ ಪದರ ಕುಸಿದಿರುತ್ತದೆ. ದುಡ್ಡು ಹೋದರೆ ಹೋಗಲಿ, ಬದಲಾಯಿಸಿ.

ತೋಪಿನ_ದಾರಿ

ಸರ್, ನಾಲಿಗೆ ವಿಷಯ ಗೊತ್ತೇ ಇರಲಿಲ್ಲ. ನಾಳೆಯೇ ನೋಡುತ್ತೇನೆ. ಡಾಕ್ಟರಮ್ಮ, ಚೀಟಿ ಹೀಗೆ ಇರಲಾ?

"ನಾನು ಕುದುರೆಯಿಂದ ಬಿದ್ದಿದ್ದೇನೆ. ಎತ್ತಿ ಕೂರಿಸಬೇಡಿ. ಹೆಲ್ಮೆಟ್ ತೆಗೆಯಬೇಡಿ. ನೀರು ಕುಡಿಸಬೇಡಿ. 108 ಇಲ್ಲವೇ 112ಕ್ಕೆ ಫೋನ್ ಮಾಡಿ. ಆಮೇಲೆ ಲಾಯಕ್ಕೆ, ಮನೆಗೆ (ನಂಬರ್). ಪೆನಿಸಿಲಿನ್ ಅಲರ್ಜಿ ಇದೆ."

ಹೆಸರು ಮೇಲೆ ಬರೆಯಲಾ, ಕೆಳಗೆ ಬರೆಯಲಾ?

ಡಾಕ್ಟರಮ್ಮ

ಇದು ಸರಿಯಾಗಿದೆ. ಒಂದೇ ಸೇರಿಸಿ, "ಬಾಯಲ್ಲಿ ರಕ್ತ, ವಾಂತಿ ಇದ್ದು ಉಸಿರು ಕಟ್ಟುತ್ತಿದ್ದರೆ ತಲೆ, ಮೈ ಎರಡನ್ನೂ ಒಟ್ಟಿಗೆ ಪಕ್ಕಕ್ಕೆ ಹೊರಳಿಸಿ" ಅಂತ. ಲ್ಯಾಮಿನೇಟ್ ಮಾಡಿಸಿ, ಬೆವರಿಗೆ ಇಂಕು ಹರಡುತ್ತದೆ. ಪೆನಿಸಿಲಿನ್ ಸಾಲು ಇಂಗ್ಲಿಷಲ್ಲೂ ಇರಲಿ.

ಹೆಣ್ಣು_ಸವಾರಿ

ಹೆಸರು ಮೇಲೂ ಬೇಡ, ಕೆಳಗೂ ಬೇಡ. ಹೊರಗೆ ಕಾಣುವಂತೆ ಹೆಸರು, ವಿಳಾಸ, ನಿಮ್ಮ ನಂಬರ್ ಅಂಟಿಸಿಕೊಂಡು ಒಬ್ಬರೇ ಗಾಡಿದಾರಿಯಲ್ಲಿ ಹೋಗೋದು ಅಂದರೆ ಏನರ್ಥ ಅಂತ ಗಂಡಸರಿಗೆ ತಕ್ಷಣ ಹೊಳೆಯಲಿಕ್ಕಿಲ್ಲ. ಟೀ ಅಂಗಡಿ ಮುಂದೆ ನಿಂತಾಗ ಯಾರೋ ಓದಿಕೊಳ್ಳುತ್ತಾರೆ, ಸಂಜೆಗೆ ವಾಟ್ಸಾಪಲ್ಲಿ "ಹಾಯ್". ಅದಕ್ಕಿಂತ ಕೆಟ್ಟದ್ದೂ ಆಗಬಹುದು. ಹೆಲ್ಮೆಟ್ ಹೊರಗಡೆ "ತುರ್ತು ಮಾಹಿತಿ ತೋಳಿನ ಪಟ್ಟಿಯಲ್ಲಿ ಇದೆ" ಅಂತಷ್ಟೇ ಇರಲಿ. ತೋಳಿಗೆ ಕಟ್ಟುವ ಮುಚ್ಚಳದ ಪಟ್ಟಿ ಸಿಗುತ್ತದೆ, ಚೀಟಿ ಅದರೊಳಗೆ ಹೋಗಲಿ. ಕುದುರೆ ಬಿಲ್ಲೆ ಮೇಲೆ ಲಾಯದ ನಂಬರ್ ಮಾತ್ರ.

ಅದೇ ರೀತಿ ದಾರಿಯ ವಿಷಯ. ನಂಬಿಕಸ್ತರಿಗೆ ಪ್ರತಿ ಸಲ ದಾರಿ ಹೇಳಿ ಹೋಗಿ, ಉಳಿದವರಿಗೆ ಅದು ಗೊತ್ತಾಗದಂತೆ ನೋಡಿಕೊಳ್ಳಿ. ಹೋದ ದಾರಿ ದಾಖಲಿಸಿ ಹಂಚಿಕೊಳ್ಳುವ ಸ್ಟ್ರಾವಾ ಆ್ಯಪಲ್ಲಿ ಸವಾರಿ ಹಾಕುವವರಿಗೆ ಶುರುವಾದ ಜಾಗ, ಮುಗಿದ ಜಾಗ ಮರೆಮಾಡುವ ಸೆಟ್ಟಿಂಗ್ ಇದೆ, ಅದನ್ನು ಆನ್ ಮಾಡಿ. ಫೋಟೊ ಹಾಕೋದಾದರೆ ಮನೆಗೆ ಬಂದ ಮೇಲೆ ಹಾಕಿ, ಏರಿ ಮೇಲೆ ನಿಂತುಕೊಂಡು ಅಲ್ಲ. ಒಂದೇ ಹೊತ್ತು, ಒಂದೇ ದಾರಿ ಅಭ್ಯಾಸ ಮಾಡಿಕೊಳ್ಳಬೇಡಿ.

ನಿವೃತ್ತ_ಸವಾರ

ಒಪ್ಪಿದೆ ತಾಯಿ. ನಾನು ಎಲ್ಲ ವಿವರ ಹೆಲ್ಮೆಟ್ ಮೇಲೇ ಬರೆಯಿರಿ ಅಂತ ಹೇಳೋನಿದ್ದೆ. ನಮಗೆ ಆ ಕಡೆಯಿಂದ ಯೋಚನೆ ಬರಲ್ಲ.

ಗ್ಯಾಜೆಟ್_ಗುರು

ಫೋನ್ ಬಗ್ಗೆ ನಾನು ಹೇಳುತ್ತೇನೆ. ನಾನು ಸವಾರ ಅಲ್ಲ, ನನ್ನ ಹೆಂಡತಿ ಸವಾರಳು. ಕಾಯುತ್ತಾ ಕೂರುವವನು ನಾನು.

ಫೋನ್ ಮೈಮೇಲೆ, ಆದರೆ ಎಲ್ಲಿ ಅನ್ನೋದೂ ಮುಖ್ಯ. ಪ್ಯಾಂಟಿನ ಹಿಂದಿನ ಜೇಬು, ಸೊಂಟದ ಮೂಳೆ ಮೇಲೆ, ಬೆನ್ನಿಗೆ ಬೇಡ, ಬಿದ್ದರೆ ಅದೇ ಕಲ್ಲಿನಂತೆ ಒತ್ತುತ್ತದೆ. ಸವಾರಿ ಪ್ಯಾಂಟಿನ ತೊಡೆ ಪಕ್ಕದ ಬಿಗಿ ಜೇಬು, ಇಲ್ಲವೇ ತೋಳಿನ ಪಟ್ಟಿ. ಲಾಕ್ ಆಗಿರುವ ಸ್ಕ್ರೀನಿನಿಂದಲೇ ತುರ್ತು ಮಾಹಿತಿ ಕಾಣುವ ಸೌಲಭ್ಯ ಆಂಡ್ರಾಯ್ಡ್, ಐಫೋನ್ ಎರಡರಲ್ಲೂ ಇದೆ. ತುಂಬಿ ಇಡಿ. ಆದರೆ ಅದನ್ನು ನಂಬಿ ಚೀಟಿ ಬಿಡಬೇಡಿ, ಲಾಕ್ ಆದ ಫೋನಿನಲ್ಲಿ ಅದನ್ನು ಹುಡುಕೋದು ಎಷ್ಟು ಜನಕ್ಕೆ ಗೊತ್ತು?

ಆಪಲ್ ವಾಚ್‌ನಲ್ಲಿ 2018ರ ಸೀರೀಸ್ 4ರಿಂದ ಬಿದ್ದಿದ್ದನ್ನು ಪತ್ತೆ ಮಾಡುವ ಸೌಲಭ್ಯ ಇದೆ. ಜೋರಾಗಿ ಬಿದ್ದು ಸುಮಾರು ಒಂದು ನಿಮಿಷ ಅಲುಗಾಡದಿದ್ದರೆ ತಾನೇ ತುರ್ತು ಸೇವೆಗೆ ಕರೆ ಮಾಡಿ, ನೀವು ಸೇರಿಸಿಟ್ಟವರಿಗೆ ಜಾಗ ಕಳಿಸುತ್ತದೆ. ಕುದುರೆಯಿಂದ ಧುಮುಕಿ ಇಳಿದಾಗಲೂ ಒಮ್ಮೊಮ್ಮೆ "ಬಿದ್ದಿರಾ?" ಅಂತ ಕೇಳುತ್ತದೆ, ಇಲ್ಲ ಅಂತ ಒತ್ತಿದರೆ ಆಯ್ತು. ಇಲ್ಲೊಂದು ಗುಟ್ಟಿದೆ. ಸ್ವಂತ ಮೊಬೈಲ್ ಸಂಪರ್ಕ ಇಲ್ಲದ ವಾಚ್ ಆದರೆ ಅದು ಕರೆ ಮಾಡೋದು ಪಕ್ಕದಲ್ಲಿರುವ ಫೋನಿನ ಮೂಲಕ. ಫೋನ್ ಜೀನಿನ ಚೀಲದಲ್ಲಿದ್ದು ಕುದುರೆ ಓಡಿಹೋಯಿತು ಅನ್ನಿ, ವಾಚ್ ಕೈಲಿ ಇದ್ದೂ ಮೂಕ. ಲಾಯದ ಹುಡುಗ ಹೇಳಿದ್ದು ಇಲ್ಲೂ ಸತ್ಯ.

ವಾಟ್ಸಾಪ್ ಲೈವ್ ಲೊಕೇಶನ್ 15 ನಿಮಿಷ, 1 ಗಂಟೆ, 8 ಗಂಟೆ ಅಂತ ಮೂರು ಅವಧಿ ಕೊಡುತ್ತದೆ. 8 ಗಂಟೆ ಹಾಕಿ, ಮನೆಗೆ ಬಂದು ನಿಲ್ಲಿಸಿ. ಒಂದು ಗಂಟೆ ಹಾಕಿದರೆ ಅದು ಮುಗಿಯೋದು ಸರಿಯಾಗಿ ಗಾಬರಿ ಶುರುವಾಗುವ ಹೊತ್ತಿಗೆ.

ಕೊನೆಗೆ, ಇದು ಯಾವ ಆ್ಯಪಲ್ಲೂ ಇಲ್ಲ, ಕಾಯುವವರ ಜೊತೆ ಮೊದಲೇ ಮಾತಾಡಿ ಇಟ್ಟುಕೊಳ್ಳಬೇಕು. "ಬರ್ತೀನಿ" ಅಂತ ಹೋದರೆ ನನಗೆ ಯಾವಾಗ ಗಾಬರಿಯಾಗಬೇಕು ಅಂತಾನೇ ಗೊತ್ತಿರಲ್ಲ. ನಮ್ಮನೆ ನಿಯಮ ಹೀಗಿದೆ. ಎಂಟಕ್ಕೆ ವಾಪಸ್. ಎಂಟೂಕಾಲಿಗೆ ನಾನು ಅವಳಿಗೆ ಫೋನ್ ಮಾಡುತ್ತೇನೆ. ಎತ್ತದಿದ್ದರೆ ಲಾಯಕ್ಕೆ. ಎಂಟೂವರೆಗೆ ಲಾಯದಿಂದ ಬೈಕ್ ಹೊರಡುತ್ತದೆ, ನಾನು 112ಕ್ಕೆ ಮಾಡುತ್ತೇನೆ. ತಡವಾಗುತ್ತೆ ಅಂದರೆ ಅವಳು ನಿಂತು ಮೆಸೇಜ್ ಹಾಕಬೇಕು. "ಸುಮ್ನೆ ಯಾಕೆ ಗಲಾಟೆ ಮಾಡಿದೆ" ಅಂತ ಆಮೇಲೆ ಬೈಯುವ ಹಾಗಿಲ್ಲ, ಆ ಒಪ್ಪಂದ ತುಂಬಾ ಮುಖ್ಯ. ಬೈಸಿಕೊಂಡವರು ಮುಂದಿನ ಸಲ ಫೋನ್ ಮಾಡೋಕೆ ಹಿಂದೆಮುಂದೆ ನೋಡುತ್ತಾರೆ.

ಕಾಫಿತೋಟ

ಮಾರಾಯ್ರೇ, ಲೈವ್ ಲೊಕೇಶನ್ ಎಲ್ಲ ಬಯಲುಸೀಮೆಗೆ ಸರಿ. ಇಲ್ಲಿ ಸೋಮವಾರಪೇಟೆ ಕಡೆ ತೋಟದೊಳಗೆ ಇಳಿದರೆ ಸಿಗ್ನಲ್ ಇಲ್ಲ, ಮಳೆಗಾಲದಲ್ಲಿ ಮೊದಲೇ ಇಲ್ಲ. ಕಡೆಯ ಸಲ ಕಂಡ ಜಾಗದಲ್ಲೇ ಚುಕ್ಕೆ ನಿಂತಿರುತ್ತದೆ. ನಮ್ಮಲ್ಲಿ ಬಂಗಲೆ ಜಗಲಿಯ ಬೋರ್ಡಿನಲ್ಲಿ ಚಾಕ್‌ಪೀಸಲ್ಲಿ ಬರೆದು ಹೋಗುವುದೇ ಪದ್ಧತಿ. "ಕೆಳಗಿನ ತೋಟ, ತೋಡು ದಾಟಿ, ಮೇಲಿನ ಗೇಟಿಂದ ವಾಪಸ್, ಒಂಬತ್ತು ಗಂಟೆ." ಬರೆದ ದಾರಿ ಬಿಟ್ಟು ಬೇರೆ ದಾರಿ ಹಿಡಿಯಬಾರದು, ಮನಸ್ಸು ಬದಲಾದರೆ ವಾಪಸ್ ಬಂದು ಅಳಿಸಿ ಬರೆಯಬೇಕು. ಕುತ್ತಿಗೆಗೆ ಒಂದು ಸೀಟಿ. ಕೂಗಿ ಕೂಗಿ ಗಂಟಲು ಹೋಗುತ್ತದೆ, ಸೀಟಿ ಊದುತ್ತಲೇ ಇರಬಹುದು.

ನಮ್ಮಲ್ಲಿ ಬಿದ್ದವರನ್ನು ಹುಡುಕುವವರಿಗೂ ಅಪಾಯ ಇದೆ. ಆನೆ. ಸುಮ್ಮನೆ ಹತ್ತು ಜನ ಟಾರ್ಚ್ ಹಿಡಿದು ತೋಟಕ್ಕೆ ನುಗ್ಗುವ ಹಾಗಿಲ್ಲ. ಅದಕ್ಕೇ ದಾರಿ ಬರೆದಿಡೋದು ನಮಗೆ ಬರೀ ಶಿಸ್ತಲ್ಲ.

ಕೊಲೊರಾಡೊ_ಕನ್ನಡಿಗ

ಸಿಗ್ನಲ್ ಇಲ್ಲದ ಜಾಗಕ್ಕೆ ಇಲ್ಲಿ ಅಮೆರಿಕದಲ್ಲಿ ಗಾರ್ಮಿನ್ ಇನ್‌ರೀಚ್ ಅಂತ ಉಪಗ್ರಹದ ಸಾಧನ ಇಟ್ಟುಕೊಳ್ಳುತ್ತೇವೆ. ಬಟನ್ ಒತ್ತಿದರೆ ಎಲ್ಲಿಂದಾದರೂ ಸಹಾಯ ಕೇಳಬಹುದು. ಶರತ್ಕಾಲದಲ್ಲಿ ಬೇಟೆ ಸೀಸನ್ ಬಂದರೆ ನಾವೂ, ಕುದುರೆಯೂ ಕಿತ್ತಳೆ ಬಣ್ಣ. ಮರಗಳ ಸಂದಿಯಲ್ಲಿ ಕಂದು ಕುದುರೆ ದೂರದಿಂದ ಎಲ್ಕ್ ಅನ್ನೋ ದೊಡ್ಡ ಜಿಂಕೆ ತರಹಾನೇ ಕಾಣುತ್ತದೆ, ಬಂದೂಕು ಹಿಡಿದವರು ಎರಡು ಸಲ ನೋಡುತ್ತಾರೆ ಅನ್ನೋ ಗ್ಯಾರಂಟಿ ಇಲ್ಲ. ಕುತ್ತಿಗೆಗೆ ಗಂಟೆಯನ್ನೂ ಕಟ್ಟುತ್ತೇವೆ. ಕಾಫಿತೋಟದವರಿಗೆ ಮುಂದಿನ ಸಲ ಬರುವಾಗ ಒಂದು ಇನ್‌ರೀಚ್ ತಂದುಕೊಡಲಾ?

ಗ್ಯಾಜೆಟ್_ಗುರು

ದಯವಿಟ್ಟು ತರಬೇಡಿ! ಭಾರತದಲ್ಲಿ ಅನುಮತಿ ಇಲ್ಲದೆ ಉಪಗ್ರಹ ಫೋನು, ಇನ್‌ರೀಚ್ ತರಹದ ಸಾಧನ ಇಟ್ಟುಕೊಳ್ಳೋದು ಅಪರಾಧ. ವಿಮಾನ ನಿಲ್ದಾಣದಲ್ಲೇ ವಿದೇಶಿ ಪ್ರವಾಸಿಗರನ್ನು ಇದಕ್ಕಾಗಿ ಹಿಡಿದಿದ್ದಾರೆ. ಬೇರೆ ಊರಲ್ಲಿ ಜೀವ ಉಳಿಸುವ ಸಾಮಾನು ಇಲ್ಲಿ ಠಾಣೆ ತೋರಿಸುತ್ತದೆ.

ಕಾಫಿತೋಟ

ಸೀಟಿಗೆ ಲೈಸೆನ್ಸ್ ಬೇಡವಲ್ಲ, ಅದೇ ಸಾಕು.

ಕೋರ್ಟು_ಕಚೇರಿ

ವಾಹನಗಳ ಬಗ್ಗೆ ಯಾರೂ ಕಾನೂನು ಹೇಳಲಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ಮೋಟಾರು ವಾಹನ ಕಾಯ್ದೆ, 1988ರ 132ನೇ ಕಲಂ ಓದಿ. ಪ್ರಾಣಿಯ ಹೊಣೆ ಹೊತ್ತವರು, ವಾಹನದಿಂದ ಅದು ಬೆದರಿ ಹತೋಟಿ ತಪ್ಪುತ್ತದೆ ಅನ್ನಿಸಿ ನಿಲ್ಲಿಸಿ ಅಂದರೆ, ಚಾಲಕರು ಗಾಡಿ ನಿಲ್ಲಿಸಬೇಕು. ಎತ್ತಿನ ಗಾಡಿಯವರಿಗೂ ಇದೇ ಕಾನೂನು, ನಿಮಗೂ ಇದೇ. ಚಾಲಕರಿಗೆ ಇದು ಗೊತ್ತಿದೆಯಾ ಅಂತ ಕೇಳಬೇಡಿ. ಆದರೆ ಅಂಗೈ ಎತ್ತಿ "ನಿಲ್ಲಿಸಿ" ಅಂತ ಸನ್ನೆ ಮಾಡೋಕೆ ನಿಮಗೆ ಹಕ್ಕಿದೆ, ನಾಚಿಕೊಂಡು ರಸ್ತೆ ಪಕ್ಕದ ಚರಂಡಿಗೆ ಇಳಿಯಬೇಕಾಗಿಲ್ಲ.

ಯಾರ್ಕ್‌ಷೈರ್_ಮಲೆನಾಡು

ಇಲ್ಲಿ ಅದನ್ನು ಅಂಕಿಯಲ್ಲೇ ಹೇಳಿದ್ದಾರೆ. 2022ರ ಜನವರಿಯಲ್ಲಿ ಹೈವೇ ಕೋಡ್, ಅಂದರೆ ಇಲ್ಲಿನ ರಸ್ತೆ ನಿಯಮಗಳ ಪುಸ್ತಕ, ತಿದ್ದಿದಾಗ, ಕುದುರೆಯನ್ನು ದಾಟುವ ವಾಹನ ಗಂಟೆಗೆ 10 ಮೈಲಿ, ಅಂದರೆ ಸುಮಾರು 16 ಕಿಲೋಮೀಟರ್ ಒಳಗೆ ಹೋಗಬೇಕು, ಕನಿಷ್ಠ 2 ಮೀಟರ್ ಜಾಗ ಬಿಡಬೇಕು ಅಂತ ಸೇರಿಸಿದರು. ಎಲ್ಲರೂ ಪಾಲಿಸುತ್ತಾರಾ, ಇಲ್ಲ. ಆದರೆ ನಿಧಾನ ಮಾಡಿದವರಿಗೆ ನಾವು ಕೈಯೆತ್ತಿ ಥ್ಯಾಂಕ್ಸ್ ಹೇಳದೆ ಮುಂದೆ ಹೋಗಲ್ಲ. ಇವತ್ತು ಸಿಟ್ಟಾದವರು ನಾಳೆ ಇನ್ನೊಬ್ಬ ಸವಾರರ ಮೇಲೆ ತೀರಿಸಿಕೊಳ್ಳುತ್ತಾರೆ.

ಮೈಕ್ರೋಚಿಪ್ ಬಗ್ಗೆ ಯಾರಾದ್ರೂ ಕೇಳುವ ಮೊದಲೇ ಹೇಳುತ್ತೇನೆ. ಇಂಗ್ಲೆಂಡಿನಲ್ಲಿ 2020ರ ಅಕ್ಟೋಬರ್ 1ರಿಂದ ಎಲ್ಲ ಕುದುರೆಗೂ ಚಿಪ್ ಕಡ್ಡಾಯ. ಕುತ್ತಿಗೆಯ ಎಡಗಡೆ ಒಳಗೆ ಹಾಕಿರುತ್ತಾರೆ. ಕಳೆದುಹೋದ ಕುದುರೆ ಯಾರದ್ದು ಅಂತ ಆಮೇಲೆ ಸಾಬೀತು ಮಾಡೋಕೆ ಅದು ಒಳ್ಳೆಯದು. ರಸ್ತೆಯಲ್ಲಿ ಆ ಹೊತ್ತಿಗೆ ಏನೂ ಪ್ರಯೋಜನ ಇಲ್ಲ, ದಾರಿಹೋಕರ ಕೈಯಲ್ಲಿ ಸ್ಕ್ಯಾನರ್ ಇರುತ್ತಾ? ಕಣ್ಣಿಗೆ ಕಾಣುವ ಬಿಲ್ಲೆಯೇ ಬೇಕು.

ತೋಪಿನ_ದಾರಿ

ಬಿಲ್ಲೆ ಎಲ್ಲಿ ಕಟ್ಟಲಿ? ಜೀನಿಗಾ, ಲಗಾಮಿಗಾ? ಮತ್ತೆ ಗಾಳಿ ತುಂಬುವ ಏರ್ ವೆಸ್ಟ್ ಯಾರಾದ್ರೂ ಹಾಕಿದ್ದೀರಾ?

ಲಾಯದ_ಹುಡುಗ

ಎರಡಕ್ಕೂ. ಓಡುವ ಕುದುರೆ ಲಗಾಮು ತುಳಿದು ತುಂಡು ಮಾಡಿಕೊಳ್ಳುತ್ತದೆ, ತಲೆಯ ಪಟ್ಟಿಯೇ ಕಳಚಿಹೋಗಬಹುದು. ಜೀನಾದರೆ ಅದನ್ನು ಹೊಟ್ಟೆಗೆ ಬಿಗಿಯುವ ಪಟ್ಟಿ, ಗರ್ತ್, ಬಿಗಿಯಿದ್ದರೆ ಉಳಿಯುತ್ತದೆ, ಹೊಟ್ಟೆ ಕೆಳಗೆ ತಿರುಗಿದರೂ ಕುದುರೆ ಜೊತೆಗೇ ಇರುತ್ತದೆ. ಜೀನಿನ ಮುಂದುಗಡೆ ಸಾಮಾನು ಕಟ್ಟುವ ಡಿ ಆಕಾರದ ಬಳೆ ಇದೆಯಲ್ಲ, ಒಂದು ಅಲ್ಲಿ, ಎಡಗಡೆ. ಜನ ಕುದುರೆ ಹಿಡಿಯೋದು ಎಡದಿಂದಲೇ. ಇನ್ನೊಂದು ತಲೆಪಟ್ಟಿಯ ಕೆನ್ನೆ ಭಾಗಕ್ಕೆ. ದೊಡ್ಡದು ಬೇಡ, ನೇತಾಡಿ ಟಿಕ್ ಟಿಕ್ ಅಂದರೆ ಅವನು ಅದಕ್ಕೂ ಬೆದರುತ್ತಾನೆ. ಮೊದಲು ಲಾಯದಲ್ಲಿ ಕಟ್ಟಿ ಒಂದೆರಡು ದಿನ ರೂಢಿ ಮಾಡಿಸಿ.

ಲಗಾಮಿನ ಕೆಳಗೆ ಹೆಡ್ ಕಾಲರ್, ಅಂದರೆ ಕಡಿವಾಣ ಇಲ್ಲದ ತಲೆಪಟ್ಟಿ, ಹಾಕಿಯೇ ಹೋಗಿ. ಓಡಿದ ಕುದುರೆ ಹಿಡಿದವರು ಲಗಾಮು ಹಿಡಿದು ಮರಕ್ಕೆ ಕಟ್ಟುತ್ತಾರೆ, ಅದು ಒಂದು ಸಲ ತಲೆ ಕೊಸರಿದರೆ ಕಡಿವಾಣದಿಂದ ಬಾಯಿ ಹರಿದುಹೋಗುತ್ತದೆ. ಕಾಲರ್ ಇದ್ದರೆ ಅದಕ್ಕೇ ಹಗ್ಗ ಕಟ್ಟಬಹುದು. ಕುದುರೆಗೆ ಗಾಯ ಆಗಿದ್ದರೆ 1962ಕ್ಕೆ ಮಾಡಿ, ಪಶು ವೈದ್ಯರ ಗಾಡಿ ಬರುತ್ತದೆ. ಇದನ್ನೂ ನಿಮ್ಮ ಲಾಯದವರು ಗೋಡೆ ಮೇಲೆ ಬರೆದಿಟ್ಟುಕೊಳ್ಳಲಿ.

ಯಾರ್ಕ್‌ಷೈರ್_ಮಲೆನಾಡು

ಏರ್ ವೆಸ್ಟ್ ನಾನು ಹಾಕುತ್ತೇನೆ. ಒಂದು ದಾರ ಜೀನಿಗೆ ಕೊಂಡಿ ಹಾಕಿರುತ್ತದೆ, ನೀವು ಹಾರಿ ಬಿದ್ದರೆ ದಾರ ಎಳೆದು ಒಳಗಿನ ಕಾರ್ಬನ್ ಡೈಆಕ್ಸೈಡ್ ಡಬ್ಬಿ ಒಡೆದು ಗಾಳಿ ತುಂಬಿಕೊಳ್ಳುತ್ತದೆ. ಎದೆ, ಬೆನ್ನಿಗೆ ರಕ್ಷಣೆ. ಆದರೆ ದಾರ ಬಿಚ್ಚದೆ ಸುಮ್ನೆ ಇಳಿದುಬಿಟ್ಟರೂ ಢಂ ಅನ್ನುತ್ತದೆ, ಪಕ್ಕದಲ್ಲಿ ನಿಂತ ಕುದುರೆಗೆ ಅದೊಂದು ಪಟಾಕಿ. ನಿಮ್ಮವನು ಮಲ್ಚಿಂಗ್ ಶೀಟಿಗೇ ಬೆದರುವವನು, ಮೊದಲು ಆ ಸದ್ದು ದೂರದಿಂದ ಕೇಳಿಸಿ ನೋಡಿ. ಇನ್ನೊಂದು, ಇಲ್ಲಿಂದ ಯಾರ ಕೈಲಾದರೂ ತರಿಸೋದಾದರೆ ಡಬ್ಬಿ ವಿಮಾನದಲ್ಲಿ ತರೋಕೆ ಏರ್‌ಲೈನ್‌ನ ಒಪ್ಪಿಗೆ ಬೇಕು. ಖಾಲಿಯಾದ ಮೇಲೆ ಹೊಸ ಡಬ್ಬಿ ಎಲ್ಲಿ ಸಿಗುತ್ತದೆ ಅಂತ ತಿಳಿದುಕೊಂಡು ಆಮೇಲೆ ದುಡ್ಡು ಹಾಕಿ. ಡಬ್ಬಿ ಇಲ್ಲದ ವೆಸ್ಟು ಬರೀ ಅಂಗಿ.

ಬರೀ_ಓದುಗ

ಸರಿ, ಬಿಲ್ಲೆ ವಿಷಯ ಒಪ್ಪಿದೆ. ಆದರೆ ಹಿತ್ತಾಳೆ ಬಿಲ್ಲೆ ಆನ್‌ಲೈನಲ್ಲಿ ನೋಡಿದರೆ ಬೆಲೆ ಕೇಳಬೇಡಿ. ಬೇರೆ ದಾರಿ ಇಲ್ವಾ?

ಹೆಣ್ಣು_ಸವಾರಿ

ಸ್ಟೀಲ್ ಪಾತ್ರೆ ಅಂಗಡಿಗೆ ಹೋಗಿ! ತಟ್ಟೆ, ಚೊಂಬಿನ ಮೇಲೆ ಹೆಸರು ಕೊರೆದುಕೊಡುತ್ತಾರಲ್ಲ, ಅದೇ ಮೆಷಿನ್ನು. ಸಣ್ಣ ಸ್ಟೀಲ್ ಬಿಲ್ಲೆ ಕೊಟ್ಟರೆ ನಂಬರ್ ಕೊರೆದುಕೊಡುತ್ತಾರೆ. ಪ್ರಿಂಟ್ ಹೋಗುತ್ತದೆ, ಕೊರೆದಿದ್ದು ಹೋಗಲ್ಲ.

ತೋಪಿನ_ದಾರಿ

ಹೋಗಿ ಬಂದೆ. ಪಾತ್ರೆ ಅಂಗಡಿಯವರು ಬಿಲ್ಲೆ ತಿರುಗಿಸಿ ತಿರುಗಿಸಿ ನೋಡಿ "ಹೆಸರು ಯಾರದ್ದಮ್ಮ, ಯಾವ ಫಂಕ್ಷನ್ನು" ಅಂದರು. ಹೆಸರು ಬೇಡ, ಎರಡು ನಂಬರ್ ಮತ್ತು "ಸವಾರರು ಬಿದ್ದಿದ್ದಾರೆ, ಫೋನ್ ಮಾಡಿ" ಅಂತ ಕೊರೆಯಿರಿ ಅಂದೆ. ಮೆಷಿನ್ ಆಫ್ ಮಾಡಿ ನನ್ನ ಮುಖ ನೋಡಿದರು. ಕುದುರೆ ಕಥೆ ಪೂರ್ತಿ ಹೇಳಬೇಕಾಯ್ತು. ಎರಡು ಬಿಲ್ಲೆ ಆಯ್ತು, ಅಕ್ಷರ ದುಂಡಗೆ ಬಂದಿದೆ, ಚೀಟಿಯೂ ಲ್ಯಾಮಿನೇಟ್ ಆಯ್ತು. ರಿಕಾಪಿನ ಕೊಂಡಿ ನೋಡಿದೆ ಸರ್, ಎಡಗಡೆಯ ನಾಲಿಗೆ ತುಕ್ಕು ಹಿಡಿದು ಮೇಲಕ್ಕೇ ನಿಂತಿತ್ತು, ಎಣ್ಣೆ ಬಿಟ್ಟು ಕೆಳಗೆ ತಂದಿದ್ದೇವೆ.

ನಿವೃತ್ತ_ಸವಾರ

ಎಣ್ಣೆ ಹಾಕಿ ಬಿಡಬೇಡಿ, ಪಟ್ಟಿ ಹಿಂದಕ್ಕೆ ಎಳೆದು ಅದು ನಿಜವಾಗಲೂ ಜಾರಿ ಕಳಚುತ್ತದಾ ಅಂತ ನೋಡಿ. ಬಲಗಡೆಯದನ್ನೂ.

ಲಾಯದ_ಹುಡುಗ

ಬಿಲ್ಲೆಯ ಅಂಚನ್ನು ಒಮ್ಮೆ ಬೆರಳಲ್ಲಿ ಸವರಿ ನೋಡಿ ಅಕ್ಕ. ಪಾತ್ರೆ ಅಂಗಡಿಯ ತಗಡು ಚೂಪಾಗಿರುತ್ತದೆ, ಕೆನ್ನೆ ಹತ್ತಿರ ಕಟ್ಟಿದರೆ ಕುದುರೆಗೆ ಗೀರುತ್ತದೆ. ಲಾಳ ಕಟ್ಟುವವರು ಬಂದಾಗ ಅವರ ಹತ್ತಿರ ಅರ ಇರುತ್ತದೆ, ಎರಡು ನಿಮಿಷ ಉಜ್ಜಿಸಿಕೊಳ್ಳಿ.